ಹಕ್ಕಿಮೂಲ ಮತ್ತು ಒಂದು ಕವೆ ಎಲುಬು

ನದೀಮೂಲ, ಋಷಿಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳುತ್ತಿದ್ದರು. ಹಕ್ಕಿಮೂಲವನ್ನು ಹುಡುಕಬಾರದೆಂದು ಯಾರೂ ಹೇಳಿಲ್ಲ. ಆದ್ದರಿಂದ ಪ್ರಿಯ ಶಿಷ್ಯರಿಗೂ ಬಂಧುಗಳಿಗೂ ಈ ಬಾರಿ ಆ ಹುಡುಕಾಟದ ಚರಿತ್ರೆಯನ್ನೇ ನಿವೇದಿಸುತ್ತಿದ್ದೇನೆ.

ಡೈನೋಸಾರ್ ಎಂದೊಡನೆ ನಮ್ಮ ಮಕ್ಕಳು ಕೇಳುವ ಮೊದಲ ಪ್ರಶ್ನೆ, 'ಶಿವಮೊಗ್ಗದಲ್ಲಿ ಅವು ಇದ್ದವೇ?' ಎಂಬುದು. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರನ್ನಿತ್ತ ಕೆಮ್ಮಣ್ಣುಗುಂಡಿಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಇಷ್ಟು ಹಳೆಯ ಕಲ್ಲಿನೊಳಗೆ ಅವುಗಳ ಎಲುಬು ಸಿಕ್ಕಲಾರದು. ಹಾಗೆಂದು ಅವು ಈ ನೆಲವನ್ನು ತುಳಿಯಲೇ ಇಲ್ಲವೆಂದು ತೀರ್ಪು ಕೊಡುವಂತಿಲ್ಲ. ಆ ಕಾಲದ ಪುಟ ನಮ್ಮಲ್ಲಿ ಉಳಿದಿಲ್ಲ, ಅಷ್ಟೆ. ನರ್ಮದಾ ಕಣಿವೆಯ ಕಡೆ ಅದು ಉಳಿದಿದೆ. ಗುಜರಾತಿನ ರಾಹಿಯೋಲಿಯಲ್ಲಿ 1980ರ ದಶಕದಲ್ಲಿ ದೊರೆತ ಎಲುಬುಗಳನ್ನು ಅಭ್ಯಸಿಸಿ, 2003ರಲ್ಲಿ ವಿಜ್ಞಾನಿಗಳು 'ರಾಜಾಸಾರಸ್ ನರ್ಮದೆನ್ಸಿಸ್' ಎಂಬ ಮಾಂಸಾಹಾರಿಗೆ ನಾಮಕರಣ ಮಾಡಿದರು. ಎರಡೇ ಕಾಲುಗಳ ಮೇಲೆ ನಡೆಯುತ್ತಿದ್ದ, ಟೊಳ್ಳು ಎಲುಬುಗಳ 'ಥೆರೋಪಾಡ್' ಗುಂಪಿಗೆ ಅದು ಸೇರಿದ್ದು. ಹಕ್ಕಿಗಳಿಗೆ ಅದು ನೇರ ಪೂರ್ವಜನಲ್ಲ, ದೂರದ ದಾಯಾದಿ.

ಹಕ್ಕಿಗಳಿಗೂ ಈ ಗುಂಪಿಗೂ ಏನು ನಂಟು? ಡಾರ್ವಿನ್ನರ ಗ್ರಂಥ ಹೊರಬಂದ ಎರಡು ವರ್ಷಗಳಲ್ಲಿ, ಎಂದರೆ 1861ರಲ್ಲಿ, ಜರ್ಮನಿಯ ಸುಣ್ಣಕಲ್ಲಿನ ಗಣಿಯಿಂದ ಬಂದ ಆರ್ಕಿಯಾಪ್ಟೆರಿಕ್ಸ್ ಎಂಬ ಪಳೆಯುಳಿಕೆ ಲೋಕದ ಗಮನ ಸೆಳೆಯಿತು. ಸುಮಾರು 15 ಕೋಟಿ ವರ್ಷಗಳಷ್ಟು ಹಿಂದಿನ ಆ ಜೀವಿಗೆ ಹಕ್ಕಿಯಂತೆ ಪುಕ್ಕಗಳಿದ್ದವು. ಹಲ್ಲಿಯಂತೆ ಹಲ್ಲುಗಳೂ ಎಲುಬಿನ ಉದ್ದ ಬಾಲವೂ ಇದ್ದವು. ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿಯವರು ಡೈನೋಸಾರ್‌ಗಳ ಸೊಂಟ, ಕಾಲುಗಳ ಎಲುಬನ್ನು ಹಕ್ಕಿಗಳದರೊಡನೆ ಹೋಲಿಸಿ, 1870ರ ವೇಳೆಗೆ ಎರಡಕ್ಕೂ ರಕ್ತಸಂಬಂಧವಿದೆಯೆಂದು ವಾದಿಸಿದರು.

ಆ ವಾದಕ್ಕೆ ಅಡ್ಡ ಬಂದದ್ದು ಒಂದು ಚಿಕ್ಕ ಎಲುಬು. ಹಕ್ಕಿಗಳಲ್ಲಿ ಎರಡು ಕೊರಳೆಲುಬುಗಳೂ ಕೂಡಿಕೊಂಡು ಎದೆಯ ಮುಂದೆ ಕವೆಯಾಕಾರದ ಒಂದೇ ಎಲುಬಾಗಿರುತ್ತವೆ. ಡೆನ್ಮಾರ್ಕಿನ ಚಿತ್ರಕಾರ ಗೆರ್ಹಾರ್ಡ್ ಹೈಲ್ಮನ್ 1926ರ ತಮ್ಮ ಗ್ರಂಥದಲ್ಲಿ, ಥೆರೋಪಾಡ್‌ಗಳು ಹಕ್ಕಿಗಳನ್ನು ಬಹಳವಾಗಿ ಹೋಲುತ್ತವೆಂದು ಒಪ್ಪಿಯೂ, ಅವುಗಳಿಗೆ ಕೊರಳೆಲುಬಿಲ್ಲ, ಒಮ್ಮೆ ಕಳೆದ ಅಂಗ ಮರಳಿ ಬಾರದು, ಆದ್ದರಿಂದ ಹಕ್ಕಿಗಳು ಅವುಗಳಿಂದ ಹುಟ್ಟಿರಲಾರವು ಎಂದರು. ಸುಮಾರು 40 ವರ್ಷ ಜಗತ್ತು ಅದನ್ನೇ ನಂಬಿತು. ವಿಪರ್ಯಾಸವೆಂದರೆ, 1924ರಲ್ಲಿಯೇ ವರ್ಣಿಸಲ್ಪಟ್ಟ ಮಂಗೋಲಿಯಾದ ಓವಿರಾಪ್ಟರ್ ಎಂಬ ಥೆರೋಪಾಡಿನಲ್ಲಿ ಆ ಕವೆ ಎಲುಬು ಇತ್ತು. ಅದನ್ನು ಬೇರೊಂದು ಎಲುಬೆಂದು ಗುರುತಿಸಿದ್ದರು! ಸಾಕ್ಷಿ ಸಂಗ್ರಹಾಲಯದಲ್ಲಿಯೇ ಕುಳಿತಿತ್ತು, ತಪ್ಪು ಹೆಸರನ್ನು ಹೊತ್ತು.

ಅಮೆರಿಕದ ಜಾನ್ ಆಸ್ಟ್ರಮ್ 1964ರಲ್ಲಿ ಮೊಂಟಾನಾದಲ್ಲಿ ಡೈನೋನೈಕಸ್ ಎಂಬ ಚುರುಕು ಬೇಟೆಗಾರನ ಅವಶೇಷಗಳನ್ನು ಕಂಡರು. ಅದರ ಮಣಿಕಟ್ಟಿನ ಅರ್ಧಚಂದ್ರಾಕಾರದ ಎಲುಬು ಆರ್ಕಿಯಾಪ್ಟೆರಿಕ್ಸ್‌ನದನ್ನು ಹೋಲುತ್ತಿತ್ತು. ರೆಕ್ಕೆ ಮಡಿಸುವ ಚಲನೆಯ ಮೂಲ ಅಲ್ಲಿತ್ತು. ಹಕ್ಸ್‌ಲಿಯವರ ವಾದ ಮರುಜೀವ ಪಡೆಯಿತು. 1996ರಲ್ಲಿ ಚೀನಾದ ಲಿಯಾವ್‌ನಿಂಗ್ ಪ್ರಾಂತದ ಸೈನೋಸಾರೊಪ್ಟೆರಿಕ್ಸ್ ಪ್ರಕಟವಾಯಿತು. ಅದರ ಮೈಮೇಲೆ ಎಳೆಪುಕ್ಕಗಳ ಗುರುತು ಸ್ಪಷ್ಟವಾಗಿತ್ತು. ಆ ಪುಟ್ಟ ಪ್ರಾಣಿ ಹಾರುತ್ತಿರಲಿಲ್ಲ. ಪುಕ್ಕ ಮೊದಲು ಬಂದಿತು, ಹಾರಾಟ ಅನಂತರ. ಮೈ ಬೆಚ್ಚಗಿಡಲು ಹುಟ್ಟಿದ್ದು ಮುಂದೆ ಗಗನಕ್ಕೇರಲು ಒದಗಿತೆಂದು ಬಹುಮಂದಿ ವಿಜ್ಞಾನಿಗಳು ಭಾವಿಸುತ್ತಾರೆ.

ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಥೆರೋಪಾಡ್ ವಂಶದ ಒಂದೇ ಕವಲು ಬದುಕಿತು. ಅದೇ ಹಕ್ಕಿಗಳು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ 30 ಕಿಲೋಮೀಟರು ಹೋದರೆ ತುಂಗೆಯ ನಡುಗಡ್ಡೆಯ ಮಂಡಗದ್ದೆ ಪಕ್ಷಿಧಾಮವಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಮಕ್ಕಳನ್ನು ಕರೆದೊಯ್ದಾಗ ಹಕ್ಕಿಗಳ ಹುರುಪೆ ಕಾಲನ್ನೂ ಮುಂದೆ ಚಾಚಿದ ಮೂರು ಬೆರಳುಗಳನ್ನೂ ತೋರಿಸಿರಿ. ನಮ್ಮ ಜಿಲ್ಲೆಯಲ್ಲಿ ಡೈನೋಸಾರ್ ಇದ್ದವೇ ಎಂದು ಅವರು ಕೇಳಿದರೆ, ಇಂದಿಗೂ ಇವೆಯೆಂದು ಧೈರ್ಯವಾಗಿ ಹೇಳಬಹುದು.