ನೀರು ಮತ್ತು ಒಳಚರಂಡಿ ದರ: ಬೆಂಗಳೂರು

ನದಿಯಿಂದ ನೀರು ತಂದು ಶುದ್ಧೀಕರಿಸಿ ಮನೆಮನೆಗೆ ಹಂಚುವುದಕ್ಕೆ ಖರ್ಚಿದೆ. ಬಳಸಿ ಬಿಟ್ಟ ನೀರನ್ನು ಒಳಚರಂಡಿಯಲ್ಲಿ ಸಾಗಿಸಿ ಸಂಸ್ಕರಿಸುವುದಕ್ಕೂ ಖರ್ಚಿದೆ. ಈ ಖರ್ಚನ್ನು ಬಳಕೆದಾರರಲ್ಲಿ ಹಂಚಲು ಗೊತ್ತುಪಡಿಸಿದ ಶುಲ್ಕಗಳ ಏರ್ಪಾಟನ್ನು ನೀರಿನ ದರ ಎನ್ನುತ್ತಾರೆ. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ಜಲಮಂಡಳಿ, ರಾಜ್ಯ ಸರ್ಕಾರದ ಒಪ್ಪಿಗೆ ಪಡೆದು ದರ ನಿಗದಿ ಮಾಡುತ್ತದೆ. ಸುಮಾರು 100 ಕಿ.ಮೀ. ದೂರದ, ತನಗಿಂತ ಬಹಳ ತಗ್ಗಿನಲ್ಲಿರುವ ನದಿಯನ್ನು ನಂಬಿದ ನಗರವಾದ್ದರಿಂದ ಇಲ್ಲಿನ ದರದ ಚರಿತ್ರೆ ಭಾರತದ ನಗರ ನೀರಿನ ಅಧ್ಯಯನದಲ್ಲಿ ಮುಖ್ಯ ಉದಾಹರಣೆಯಾಗಿದೆ.

ಹಿನ್ನೆಲೆ

ಬೆಂಗಳೂರು ಎತ್ತರದ ದಿಣ್ಣೆಯ ಮೇಲಿದೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಊರು ಕೆರೆ, ಬಾವಿ, ಕಲ್ಯಾಣಿಗಳ ನೀರಿನಲ್ಲೇ ಬದುಕಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳಾಯಿ ನೀರು ಬಂತು. ಸೋಲದೇವನಹಳ್ಳಿಯ ಉಗಿಯಂತ್ರಗಳು ಅದನ್ನು ಮಲ್ಲೇಶ್ವರದ ಶೋಧಕಗಳಿಗೆ ಏರಿಸುತ್ತಿದ್ದವು. ನೀರೆತ್ತುವ ಇಂಧನದ ಖರ್ಚು ಅಂದೇ ಈ ಊರಿನ ಲೆಕ್ಕದ ಪುಸ್ತಕ ಸೇರಿತು. 1933ರಲ್ಲಿ ಅರ್ಕಾವತಿ, ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. ಅದೂ ಸಾಲದೆ ಹೋದಾಗ ನಗರ ಕಾವೇರಿಯತ್ತ ತಿರುಗಿತು. ಕಾವೇರಿ ಯೋಜನೆಯ ಮೊದಲ ಹಂತ 1974ರಲ್ಲಿ, ಎರಡನೆಯದು 1982ರಲ್ಲಿ, ಮೂರನೆಯದು 1993ರಲ್ಲಿ ಮುಗಿದವು. ನಾಲ್ಕನೆಯದು ಎರಡು ಘಟ್ಟಗಳಲ್ಲಿ, 2002 ಮತ್ತು 2012ರಲ್ಲಿ, ಪೂರ್ಣಗೊಂಡಿತು. ಐದನೆಯ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಐದನೆಯ ಹಂತಕ್ಕೆ ಮೊದಲು ಕಾವೇರಿಯಿಂದ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಬರುತ್ತಿತ್ತು; ಹೊಸ ಹಂತದ ಸಾಮರ್ಥ್ಯ 775 ದಶಲಕ್ಷ ಲೀಟರ್.

ನೀರೆತ್ತುವ ವೆಚ್ಚ

ಬೆಂಗಳೂರಿನ ದರದ ಯಾವ ಚರ್ಚೆಯೂ ಪಂಪ್‌ಹೌಸಿನಿಂದಲೇ ಶುರುವಾಗಬೇಕು. ಶಿವನಸಮುದ್ರದ ಬಳಿ ನದಿಯಿಂದ ಪಡೆದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಹಾರೋಹಳ್ಳಿ, ಹಾರೋಹಳ್ಳಿಯಿಂದ ತಾತಗುಣಿ, ಹೀಗೆ ಮೂರು ಮೆಟ್ಟಿಲುಗಳಲ್ಲಿ ಏರಿ ನಗರ ಸೇರುತ್ತದೆ. ನೆಲದ ಏರು ಮತ್ತು ಕೊಳವೆಯೊಳಗಿನ ಘರ್ಷಣೆ ಎರಡನ್ನೂ ಸೇರಿಸಿದರೆ ಪಂಪುಗಳು ಎದುರಿಸುವ ಒಟ್ಟು ಎತ್ತರ 500 ಮೀಟರಿನ ಆಸುಪಾಸಿನಲ್ಲಿದೆ.

ಇದರ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ಒಂದು ಟನ್ನನ್ನು 500 ಮೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಯಾವ ಪಂಪೂ, ಯಾವ ಮೋಟಾರೂ ತಾನು ಪಡೆದ ವಿದ್ಯುತ್ತನ್ನೆಲ್ಲ ಕೆಲಸವಾಗಿ ಹಿಂದಿರುಗಿಸುವುದಿಲ್ಲ. ದಕ್ಷತೆಯನ್ನು ಶೇ. 75 ಎಂದು ಹಿಡಿದರೆ ಬೇಕಾಗುವುದು ಸುಮಾರು 1.8 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಎಂದು ಭಾವಿಸಿದರೆ ಸಾವಿರ ಲೀಟರಿಗೆ ವಿದ್ಯುತ್ತಿನದೇ 9 ರೂಪಾಯಿ. ದಾರಿಯಲ್ಲಿ ಕಾಲುಭಾಗ ಸೋರಿದರೆ, ಮನೆ ಮುಟ್ಟಿದ ಪ್ರತಿ ಸಾವಿರ ಲೀಟರಿಗೆ ಅದೇ ಖರ್ಚು 12 ರೂಪಾಯಿಯಾಗುತ್ತದೆ. ಶುದ್ಧೀಕರಣದ ರಾಸಾಯನಿಕ, ಸಿಬ್ಬಂದಿಯ ಸಂಬಳ, ಒಡೆದ ಕೊಳವೆಯ ದುರಸ್ತಿ, ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಇನ್ನು ಐದೂ ಹಂತಗಳು ಪೂರ್ಣ ಪ್ರಮಾಣದಲ್ಲಿ ನಡೆದರೆ ಇದೇ ಲೆಕ್ಕದಂತೆ ದಿನಕ್ಕೆ ಸುಮಾರು 40 ಲಕ್ಷ ಯೂನಿಟ್ ಬೇಕು. ಇದು ವಿವರಣೆಗಾಗಿ ಹಾಕಿದ ಅಂದಾಜು. ಪಂಪಿನ ವಯಸ್ಸು, ಕೊಳವೆಯ ಸ್ಥಿತಿ, ವಿದ್ಯುತ್ ದರಗಳಿಗೆ ತಕ್ಕಂತೆ ಹೆಚ್ಚುಕಡಿಮೆ ಆದೀತು. ಆದರೂ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ: ಮಳೆ ಚೆನ್ನಾಗಿ ಬಂದು ಜಲಾಶಯ ತುಂಬಿದ ವರ್ಷದಲ್ಲೂ ಬೆಂಗಳೂರಿನ ನೀರು ಅಗ್ಗವಾಗುವುದಿಲ್ಲ.

ದರದ ರಚನೆ

ಗೃಹಬಳಕೆಗೆ ಇರುವುದು ಏರುಮುಖದ ಸ್ಲ್ಯಾಬ್ ದರ. ತಿಂಗಳಿಗೆ ಮೊದಲ 8,000 ಲೀಟರಿಗೆ ಅತಿ ಕಡಿಮೆ ದರ. 8,000ದಿಂದ 25,000, 25,000ದಿಂದ 50,000, ಅದಕ್ಕೂ ಮೇಲೆ ಎಂದು ಬಳಕೆ ಹೆಚ್ಚಿದಂತೆ ದರ ಏರುತ್ತದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇಕಾದ ನೀರು ಎಲ್ಲರ ಕೈಗೆಟುಕಬೇಕು, ಕಾರು ತೊಳೆಯುವ ಮತ್ತು ಹುಲ್ಲುಹಾಸಿಗೆ ಬಿಡುವ ನೀರು ತನ್ನ ಬೆಲೆಯನ್ನು ತಾನೇ ತೆರಬೇಕು ಎಂಬುದು ಇದರ ಹಿಂದಿನ ತತ್ತ್ವ. ವಾಣಿಜ್ಯ ಬಳಕೆಯ ದರ ಇದಕ್ಕಿಂತ ಬಹಳ ಹೆಚ್ಚು. 2014ರ ದರಪಟ್ಟಿಯಲ್ಲಿ ಮನೆಯ ಮೊದಲ ಸ್ಲ್ಯಾಬಿಗೆ ಸಾವಿರ ಲೀಟರಿಗೆ 7 ರೂಪಾಯಿ ಇದ್ದರೆ ವಾಣಿಜ್ಯದ ಮೊದಲ ಸ್ಲ್ಯಾಬಿಗೆ 50 ರೂಪಾಯಿ ಇತ್ತು. ಹೋಟೆಲು, ಕಚೇರಿಗಳಿಂದ ಬಂದ ಹೆಚ್ಚಿನ ಹಣ ಮನೆಗಳ ಕೊರತೆಯನ್ನು ಒಂದಿಷ್ಟು ತುಂಬುತ್ತದೆ.

ಈ ಏರ್ಪಾಟಿಗೆ ಎರಡು ದೌರ್ಬಲ್ಯಗಳಿವೆ. ಒಂದೇ ಮೀಟರಿನ ಮೇಲೆ ನಾಲ್ಕು ಬಾಡಿಗೆ ಮನೆಗಳಿರುವ ವಠಾರದಲ್ಲಿ ಎಲ್ಲರ ಬಳಕೆ ಒಟ್ಟಾಗಿ ಮೇಲಿನ ಸ್ಲ್ಯಾಬಿಗೆ ಹತ್ತುತ್ತದೆ. ಮಿತವಾಗಿ ಬಳಸುವ ಬಡ ಸಂಸಾರವೂ ಶ್ರೀಮಂತರ ದರ ಕೊಡಬೇಕಾಗುತ್ತದೆ. ಇನ್ನೊಂದು ಇದಕ್ಕಿಂತ ಆಳವಾದದ್ದು: ಸ್ಲ್ಯಾಬಿನ ರಿಯಾಯಿತಿ ಸಂಪರ್ಕ ಇದ್ದವರಿಗೆ ಮಾತ್ರ. ಕೊಳಾಯಿಯೇ ಬಾರದ ಬಡಾವಣೆಗೆ ಅದರಿಂದ ಒಂದು ಬಿಂದಿಗೆಯ ಉಪಕಾರವೂ ಇಲ್ಲ.

ಪರಿಷ್ಕರಣೆಗಳು: 2005, 2014, 2025

2005ರ ಪರಿಷ್ಕರಣೆಯಲ್ಲಿ ಗೃಹಬಳಕೆಯ ಮೊದಲ ಸ್ಲ್ಯಾಬಿನ ದರ ಸಾವಿರ ಲೀಟರಿಗೆ 6 ರೂಪಾಯಿ ಆಯಿತು. ಮುಂದಿನ ಏರಿಕೆ ಒಂಬತ್ತು ವರ್ಷಗಳ ನಂತರ, 2014ರ ನವೆಂಬರ್‌ನಲ್ಲಿ ಬಂತು. ಆಗಿನ ನಾಲ್ಕು ಸ್ಲ್ಯಾಬುಗಳ ದರ ಅನುಕ್ರಮವಾಗಿ 7, 11, 26 ಮತ್ತು 45 ರೂಪಾಯಿ. ಅದರ ಮುಂದಿನದು ಮತ್ತೆ ಹತ್ತು ವರ್ಷಕ್ಕೂ ಮಿಕ್ಕಿ ಕಾದು 2025ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಲೀಟರಿಗೆ ಮೊದಲ ಸ್ಲ್ಯಾಬಿನಲ್ಲಿ 0.15 ಪೈಸೆ, ಎರಡನೆಯದರಲ್ಲಿ 0.40 ಪೈಸೆ, ಮೂರನೆಯದರಲ್ಲಿ 0.80 ಪೈಸೆ, ಕೊನೆಯದರಲ್ಲಿ 1 ಪೈಸೆ ಏರಿತು. ಪ್ರತಿವರ್ಷ ಏಪ್ರಿಲ್‌ನಲ್ಲಿ ಶೇ. 3ರಷ್ಟು ತಾನಾಗಿ ಏರುವ ನಿಯಮವೂ ಜೊತೆಗೆ ಬಂತು. ತಿಂಗಳಿಗೆ ಸುಮಾರು 200 ಕೋಟಿ ರೂಪಾಯಿ ಖರ್ಚಿದೆ, ವರಮಾನ 120 ಕೋಟಿಯಷ್ಟೇ ಎಂಬುದು ಆಗ ಮಂಡಳಿ ಮುಂದಿಟ್ಟ ಕಾರಣ.

ನಾಲ್ಕು ಜನರ ಒಂದು ಮನೆಯ ಬಿಲ್ಲನ್ನು ನೋಡಬಹುದು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ತಿಂಗಳಿಗೆ 16,200 ಲೀಟರ್ ಬೇಕು. 2014ರ ದರದಲ್ಲಿ ನೀರಿನ ಶುಲ್ಕ 146 ರೂಪಾಯಿ. 2025ರ ಏರಿಕೆಯ ನಂತರ 191 ರೂಪಾಯಿ. ಇಷ್ಟು ಕಾಲದ ಮೇಲೆ ತಿಂಗಳಿಗೆ 45 ರೂಪಾಯಿ. ಇದರ ಪಕ್ಕದಲ್ಲಿ ಇನ್ನೊಂದು ಬಿಲ್ಲನ್ನು ಇಡಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರ ಗಗನಕ್ಕೇರಿದಾಗ ಜಿಲ್ಲಾಡಳಿತ ಮಾರ್ಚ್‌ನಲ್ಲಿ ಮಿತಿ ಹಾಕಿತು: 5 ಕಿ.ಮೀ. ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಸಾವಿರ ಲೀಟರಿಗೆ 100 ರೂಪಾಯಿ. ಅಂದರೆ ಅದೇ ನಾಲ್ಕು ಜನ ಕೊಳಾಯಿಯಿಲ್ಲದ ಬಡಾವಣೆಯಲ್ಲಿದ್ದರೆ ಸರ್ಕಾರ ನ್ಯಾಯವೆಂದು ಒಪ್ಪಿದ ಬೆಲೆಯಲ್ಲೇ ತಿಂಗಳಿಗೆ 1,620 ರೂಪಾಯಿ. ಅದೂ ಟ್ಯಾಂಕರಿನವರು ಫೋನ್ ಎತ್ತಿದರೆ, ನೀರು ಸಂಪಿಗೆ ಬಂದು ಬಿದ್ದರೆ. ಬಡವರ ಹೆಸರಿನಲ್ಲಿ ದರ ಏರಿಸದೆ ಉಳಿದ ವರ್ಷಗಳ ಬೆಲೆಯನ್ನು ಬಹುಮಟ್ಟಿಗೆ ತೆತ್ತವರು ನಗರದ ಅಂಚಿನ ಇಂಥ ಮನೆಗಳವರು. ಕೊಳವೆ ಅವರ ಬೀದಿ ಮುಟ್ಟಲು ಬೇಕಾದ ಹಣ ಹುಟ್ಟದಿರುವುದಕ್ಕೆ ದರವೊಂದೇ ಕಾರಣವಲ್ಲ. ಆದರೆ ಅದು ಕಾರಣಗಳಲ್ಲಿ ಒಂದು.

ಬಂಡವಾಳದ ಮೂಲಗಳು

ಗ್ರಾಹಕರ ಬಿಲ್ಲು ಮುಖ್ಯವಾಗಿ ದಿನನಿತ್ಯದ ಖರ್ಚಿಗೆ ಹೋಗುತ್ತದೆ. ದೊಡ್ಡ ಕಾಮಗಾರಿಗಳು ಸಾಲ ಮತ್ತು ಸರ್ಕಾರದ ಅನುದಾನದಿಂದ ನಡೆದಿವೆ. ಐದನೆಯ ಹಂತದಲ್ಲಿ ನೀರಿನ ಕಾಮಗಾರಿಗೇ 4,300 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚವಾಗಿದ್ದು, ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯ (ಜೈಕಾ) ಸಾಲವೇ ಅದಕ್ಕೆ ಆಧಾರ.

ಇವುಗಳ ನಡುವೆ ಬೇರೆಯಾಗಿ ನಿಲ್ಲುವುದು ಬೃಹತ್ ಬೆಂಗಳೂರು ನೀರು ಸರಬರಾಜು ಮತ್ತು ನೈರ್ಮಲ್ಯ ಯೋಜನೆ. ಬ್ಯಾಟರಾಯನಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ ಎಂಬ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ಆಗ ಪಾಲಿಕೆಯ ಹೊರಗಿದ್ದವು. ಒಂದೊಂದಾಗಿ ಸಾಲ ಎತ್ತುವ ಶಕ್ತಿ ಇವಕ್ಕೆ ಇರಲಿಲ್ಲ. ಆದ್ದರಿಂದ ಎಂಟನ್ನೂ ಒಟ್ಟುಗೂಡಿಸಿ 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡು ಹೊರಡಿಸಲಾಯಿತು. ಅಮೆರಿಕದ ಅಭಿವೃದ್ಧಿ ನೆರವು ಸಂಸ್ಥೆ ಅಸಲಿನ ಅರ್ಧಕ್ಕೆ ಖಾತರಿ ಕೊಟ್ಟಿತು. ಜೊತೆಗೆ ನಿವಾಸಿಗಳಿಂದ ಫಲಾನುಭವಿ ವಂತಿಗೆ ಎಂದು ಮುಂಗಡವಾಗಿ ಹಣ ಸಂಗ್ರಹಿಸಲಾಯಿತು. ನಲ್ಲಿಯಲ್ಲಿ ನೀರು ಬರುವ ಮೊದಲೇ ಅದರ ಬಂಡವಾಳವನ್ನು ಸಾಮಾನ್ಯ ಜನ ಕೊಟ್ಟದ್ದು ಇಲ್ಲಿ. ಇದಕ್ಕೆ ಬಂದ ಪ್ರತಿರೋಧ ಸಹಜವಾಗಿತ್ತು. 2007ರಲ್ಲಿ ಈ ಎಂಟೂ ಊರುಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು.

ಒಳಚರಂಡಿ ಶುಲ್ಕ

ಮನೆಗೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಹೊರಬೀಳುತ್ತದೆ. ಅದನ್ನು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಹರಿಸಿ ಸಂಸ್ಕರಿಸುವ ಹೊಣೆಯೂ ಜಲಮಂಡಳಿಯದೇ. 2014ರ ದರಪಟ್ಟಿಯಂತೆ ಮೊದಲ ಸ್ಲ್ಯಾಬಿನ ಮನೆಗೆ ಒಳಚರಂಡಿ ಶುಲ್ಕ ತಿಂಗಳಿಗೆ 14 ರೂಪಾಯಿ ಇತ್ತು. ಅದಕ್ಕೂ ಮೇಲೆ ನೀರಿನ ಶುಲ್ಕದ ಶೇ. 25. ನೀರಿನ ದರವೇ ಖರ್ಚಿಗಿಂತ ಕಡಿಮೆ ಇರುವಾಗ ಅದರ ಕಾಲುಭಾಗ ಕೊಳಚೆ ಸಂಸ್ಕರಣೆಗೆ ಸಾಲುವುದು ಕಷ್ಟ. ಈ ಕೊರತೆ ಬಿಲ್ಲಿನಲ್ಲಿ ಕಾಣುವುದಿಲ್ಲ, ಕೆರೆಗಳ ನೊರೆಯಲ್ಲಿ ಕಾಣುತ್ತದೆ. ಸ್ವಂತ ಕೊಳವೆಬಾವಿಯ ನೀರು ಬಳಸಿ ಮಂಡಳಿಯ ಚರಂಡಿಗೆ ಬಿಡುವ ಕಟ್ಟಡಗಳಿಗೆ ಬೇರೆಯಾಗಿ ಶುಲ್ಕ ಹಾಕುವ ಪದ್ಧತಿಯೂ ಇದೆ.

ಕೊಳಚೆಗೂ ಬೆಲೆಯಿದೆ ಎಂದು ತೋರಿಸಿದ್ದು 2018ರಲ್ಲಿ ಆರಂಭವಾದ ಕೆ.ಸಿ. ವ್ಯಾಲಿ ಯೋಜನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರನ್ನು ಅದು ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತದೆ. ನೀರಿನ ಗುಣಮಟ್ಟದ ಬಗ್ಗೆ ಅಲ್ಲಿನ ರೈತರು ಎತ್ತಿದ ಪ್ರಶ್ನೆಗಳು, ಬೆಂಗಳೂರಿನ ಒಳಚರಂಡಿ ಶುಲ್ಕ ಬೆಂಗಳೂರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ ಎಂಬುದನ್ನು ನೆನಪಿಸುತ್ತವೆ.

ಲೆಕ್ಕಕ್ಕೆ ಸಿಗದ ನೀರು

ಸೋರಿಕೆ, ಅಕ್ರಮ ಸಂಪರ್ಕ, ಕೆಟ್ಟ ಮೀಟರುಗಳಿಂದಾಗಿ ಪಂಪು ಮಾಡಿದ ನೀರಿನಲ್ಲಿ ಒಂದು ಪಾಲಿಗೆ ಬಿಲ್ಲೇ ಆಗುವುದಿಲ್ಲ. ಒಂದು ಕಾಲಕ್ಕೆ ಈ ಪ್ರಮಾಣ ಅರ್ಧದ ಹತ್ತಿರ ಇತ್ತು. ಹಳೆಯ ಕೊಳವೆಗಳನ್ನು ಬದಲಿಸಿದ ಮೇಲೆ ಇಳಿದಿದೆ. 500 ಮೀಟರ್ ಏರಿಸಿದ ನೀರು ರಸ್ತೆಯಡಿ ಸೋರಿದರೆ ಅದರೊಂದಿಗೆ ವಿದ್ಯುತ್ತೂ ಸೋರಿದಂತೆ. ದರ ಏರಿಸುವ ಮೊದಲು ಸೋರಿಕೆ ನಿಲ್ಲಿಸಿ ಎಂಬ ನಾಗರಿಕರ ಮಾತಿನಲ್ಲಿ ನ್ಯಾಯವಿದೆ. ಕೊಳವೆ ಬದಲಿಸಲು ಹಣ ಬೇಕು ಎಂಬ ಮಂಡಳಿಯ ಮಾತೂ ಸುಳ್ಳಲ್ಲ.

ರಾಜ್ಯದ ಇತರ ನಗರಗಳು

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ 2008ರ ಹೊತ್ತಿಗೆ ಕಾರ್ಯರೂಪಕ್ಕೆ ಬಂತು. ಅಳೆದು ಕೊಡುವ ನಿರಂತರ ನೀರಿಗೆ ಜನ ಹಣ ಕೊಡಲು ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆಯನ್ನು ಅದು ರಾಜ್ಯದ ಮುಂದಿಟ್ಟಿತು.

ಮೌಲ್ಯಮಾಪನ

ವಿದ್ಯುತ್ ದರ ಏರಿಸಬೇಕಾದರೆ ವಿದ್ಯುತ್ ವಿತರಣಾ ಕಂಪನಿಗಳು (ಎಸ್ಕಾಂಗಳು) ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ತಮ್ಮ ಲೆಕ್ಕ ಬಿಚ್ಚಿಡಬೇಕು. ಸಾರ್ವಜನಿಕರು ಅಲ್ಲಿ ನಿಂತು ಆಕ್ಷೇಪ ಹೇಳಬಹುದು. ನೀರಿನ ದರಕ್ಕೆ ಅಂಥ ಸ್ವತಂತ್ರ ಕಟ್ಟೆ ಬೆಂಗಳೂರಿನಲ್ಲಿ ಇಲ್ಲ. ಚುನಾವಣೆ ದೂರವಿದ್ದಾಗ ಏರಿಸುವುದು, ಹತ್ತಿರ ಬಂದಾಗ ಮುಂದೂಡುವುದು ಇದರಿಂದ ಸುಲಭವಾಗುತ್ತದೆ. ಶೇ. 3ರ ವಾರ್ಷಿಕ ಏರಿಕೆ ಈ ಚಕ್ರವನ್ನು ಮುರಿಯುವ ಮೊದಲ ಗಂಭೀರ ಪ್ರಯತ್ನ ಎನ್ನಬಹುದು; ಅದು ನಿಲ್ಲುತ್ತದೆಯೇ ಎಂಬುದನ್ನು ಮುಂದಿನ ಏಪ್ರಿಲ್‌ಗಳೇ ಹೇಳಬೇಕು. ಏರಿಸಿದ ಪ್ರತಿ ರೂಪಾಯಿ ಯಾವ ಬೀದಿಯ ಕೊಳವೆಯಾಯಿತು, ಯಾವ ಸೋರಿಕೆ ನಿಂತಿತು, ಯಾವ ಸಂಸ್ಕರಣಾ ಘಟಕಕ್ಕೆ ಹೋಯಿತು ಎಂದು ಬಿಲ್ಲು ಕಟ್ಟುವವರಿಗೆ ತೋರಿಸುವುದು ಇದರ ಮುಂದಿನ ಹೆಜ್ಜೆ. ಹೊಸ ದರಪಟ್ಟಿ ನ್ಯಾಯವಾದದ್ದೇ ಎಂಬುದನ್ನು 191 ರೂಪಾಯಿಯ ಬಿಲ್ಲಿನಿಂದ ಅಳೆಯಲಾಗದು. ಟ್ಯಾಂಕರಿಗೆ 1,620 ರೂಪಾಯಿ ಕೊಡುತ್ತಿರುವ ಮನೆಗಳು ಎಷ್ಟು ಕಡಿಮೆಯಾದವು ಎಂಬುದೇ ಅದರ ಅಳತೆಗೋಲು.