ವೇಷಭೂಷಣ, ಐತಿಹಾಸಿಕ (ವಿದ್ಯಾರ್ಥಿ ರಂಗಭೂಮಿ)

ಗತಕಾಲದ ಕಥೆಯುಳ್ಳ ನಾಟಕವನ್ನು ಶಾಲೆ, ಕಾಲೇಜು, ರಂಗಶಿಕ್ಷಣ ಕೇಂದ್ರಗಳ ವಿದ್ಯಾರ್ಥಿಗಳು ಆಡುವಾಗ ಪಾತ್ರಗಳ ಉಡುಪು, ಶಿರೋವೇಷ, ಆಭರಣಗಳನ್ನು ಆಯಾ ಕಾಲಕ್ಕೆ ಒಪ್ಪುವಂತೆ ರೂಪಿಸಿ ನಟರ ಮೈಗೆ ಹೊಂದಿಸುವ ಕೆಲಸ. ನಾಟ್ಯಶಾಸ್ತ್ರ ಇದನ್ನು ಆಹಾರ್ಯಾಭಿನಯದಲ್ಲಿ ಸೇರಿಸುತ್ತದೆ.

ಹಿನ್ನೆಲೆ: ಪಾರ್ಸಿ ನಾಟಕಗಳಿಂದ ಪ್ರಭಾವಿತವಾದ ವೃತ್ತಿ ಕಂಪನಿಗಳಲ್ಲಿ ಮಖಮಲ್ಲು, ಜರಿ, ಥಳಕಿನ ಕಿರೀಟಗಳದೇ ರಾಜ್ಯಭಾರ. ಅರಸ ಯಾವ ಶತಮಾನದವನೆಂಬ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳುತ್ತಿರಲಿಲ್ಲ. ಬಾಡಿಗೆ ಅಂಗಡಿಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಸಿಗುವುದು ಹೆಚ್ಚಾಗಿ ಅದೇ. ಶಿಲ್ಪ, ಚಿತ್ರಗಳ ಆಧಾರದಿಂದ ಉಡುಪು ಕಟ್ಟುವ ಕ್ರಮಕ್ಕೆ ಬಲ ತಂದವರಲ್ಲಿ ನಿರ್ದೇಶಕ ಇಬ್ರಾಹಿಂ ಅಲ್ಕಾಜಿಯವರ ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡಿದ ರೋಶನ್ ಅಲ್ಕಾಜಿ ಪ್ರಮುಖರು. ಪ್ರಾಚೀನ ಭಾರತದ ಉಡುಪನ್ನು ಕುರಿತ ಅವರ ಗ್ರಂಥ 1983ರಲ್ಲಿ ಪ್ರಕಟವಾಯಿತು.

ವಿಜಯನಗರದ ಉಡುಪು: ಕ್ಯಾಲೆಂಡರ್ ಮತ್ತು ಸಿನಿಮಾಗಳ ಕೃಷ್ಣದೇವರಾಯ ಕಿರೀಟಧಾರಿ, ಸಮಕಾಲೀನ ಸಾಕ್ಷ್ಯಗಳ ರಾಯನೇ ಬೇರೆ. ಸುಮಾರು 1520ರಲ್ಲಿ ಅವನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೆಯಸ್, ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಹಾರ, ತಲೆಯ ಮೇಲೆ ಶಿರಸ್ತ್ರಾಣದಾಕಾರದ ಜರತಾರಿ ಟೊಪ್ಪಿಗೆ ಇದ್ದವೆಂದೂ ರಾಯ ಬರಿಗಾಲಲ್ಲಿದ್ದನೆಂದೂ ಬರೆದಿದ್ದಾನೆ. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಅವನ ಲೋಹಪ್ರತಿಮೆಯ ತಲೆಯ ಮೇಲೂ ಉದ್ದನೆಯ ಟೊಪ್ಪಿಗೆಯೇ ಇದೆ. ಇದು ಕುಲ್ಲಾಯಿ, ಇದರೊಡನೆ ತೊಡುತ್ತಿದ್ದ ನಿಲುವಂಗಿ ಕಬಾಯಿ. ಲೇಪಾಕ್ಷಿಯ ಭಿತ್ತಿಚಿತ್ರಗಳ ಆಸ್ಥಾನಿಕರಲ್ಲಿ ಎರಡನ್ನೂ ನೋಡಬಹುದು. ಪಶ್ಚಿಮ ಏಷ್ಯಾದ ಆಸ್ಥಾನಗಳ ಉಡುಪನ್ನು ವಿಜಯನಗರ ತನ್ನದಾಗಿಸಿಕೊಂಡದ್ದರ ರಾಜಕೀಯ ಅರ್ಥವನ್ನು ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ಪ್ರಬಂಧವೊಂದರಲ್ಲಿ ಚರ್ಚಿಸಿದ್ದಾರೆ. ವಿಜಯನಗರದ ಅರಸರೂ ಸುಲ್ತಾನರೂ ಎದುರಾಗುವ, ಗಿರೀಶ ಕಾರ್ನಾಡರ ‘ರಾಕ್ಷಸ-ತಂಗಡಿ’ಯಂಥ ನಾಟಕಕ್ಕೆ ಇಳಿಯುವ ತಂಡ ಇದನ್ನು ಗಮನಿಸದೆ ಹಿಂದೂ ಅರಸರಿಗೆ ಬರಿಮೈ, ಸುಲ್ತಾನರಿಗೆ ಮಾತ್ರ ನಿಲುವಂಗಿ ಎಂದು ಹಂಚಿದರೆ ಇತಿಹಾಸವನ್ನೇ ತಿರುಚಿದಂತಾಗುತ್ತದೆ.

ಕುಲ್ಲಾಯಿಯನ್ನು ಬಕ್ರಂ ಎಂಬ ಗಡಸು ಬಟ್ಟೆ ಮತ್ತು ಹಳೆಯ ಜರಿಸೀರೆಯಿಂದ ಹೊಲಿಯಬಹುದು. ತಲೆಯ ಸುತ್ತಳತೆ 57 ಸೆಂ.ಮೀ. ಇದ್ದರೆ ಆರು ಎಸಳು ಕತ್ತರಿಸಿ, ಒಂದೊಂದರ ಬುಡ 9.5 ಸೆಂ.ಮೀ. ಬರುವಂತೆ ನೋಡಿಕೊಂಡು, ಹೊಲಿಗೆಗೆಂದು ಎರಡೂ ಬದಿಗೆ 1 ಸೆಂ.ಮೀ. ಬಿಡಬೇಕು. ಒಳಗೆ ಹತ್ತಿಯ ಪಟ್ಟಿ ಇಲ್ಲದಿದ್ದರೆ ಬೆವರಿಗೆ ಬಕ್ರಂ ಮೆತ್ತಗಾಗಿ ಟೊಪ್ಪಿಗೆ ಕುಸಿಯುತ್ತದೆ. ಪುರುಷಪಾತ್ರ ವಹಿಸುವ ಹುಡುಗಿಯರ ತಲೆಯಳತೆಯನ್ನು ಕೂದಲು ಎತ್ತಿ ಕಟ್ಟಿದ ಮೇಲೆಯೇ ತೆಗೆದುಕೊಳ್ಳಬೇಕು. ಆರು ಎಸಳಿನ ಈ ಕ್ರಮ ರಂಗದ ಅನುಕೂಲಕ್ಕೆ ಮಾಡಿಕೊಂಡ ಹೊಲಿಗೆ. 16ನೆಯ ಶತಮಾನದ ದರ್ಜಿ ಹೀಗೆಯೇ ಹೊಲಿದನೆಂದು ಹೇಳುವಂತಿಲ್ಲ.

ಇತರ ಕಾಲಗಳು: 12ನೆಯ ಶತಮಾನಕ್ಕೆ ಬೇಲೂರಿನ ಶಿಲ್ಪಗಳು ಕೈಗೆಟುಕುವ ಆಧಾರ. ಆದರೆ ಅಲ್ಲಿರುವವರು ಬಹುತೇಕ ದೇವತೆಗಳು, ನರ್ತಕಿಯರು. ಆ ಶತಮಾನದ ಕಥೆಯುಳ್ಳ ಕಾರ್ನಾಡರ ‘ತಲೆದಂಡ’ ನಾಟಕದ ಕಾಯಕಜೀವಿಗಳ ಉಡುಗೆಗೆ ಅವರನ್ನು ಸಾಕ್ಷಿಗೆ ಕರೆಯುವುದು ಕಷ್ಟ. ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿರುವ ಪೊಳ್ಳಿಲೂರು ಕದನದ ಚಿತ್ರ ನೋಡಬೇಕು.

ಅಳತೆ ಮತ್ತು ಹೊಂದಿಕೆ: ಹೊಸ ಹತ್ತಿಬಟ್ಟೆಯನ್ನು ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಅಚ್ಚಬಿಳುಪು ದೀಪದ ಬೆಳಕಿಗೆ ಕಣ್ಣು ಕುಕ್ಕುವುದರಿಂದ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಮಂಕಾಗಿಸುವುದುಂಟು. ಕಚ್ಚಾ ಹೊಲಿಗೆ ಹಾಕಿದ ಅಂಗಿ ತೊಡಿಸಿ ನಟನನ್ನು ಸುಮ್ಮನೆ ನಿಲ್ಲಿಸಿ ನೋಡಿದರೆ ಏನೂ ತಿಳಿಯದು. ಕೂರಿಸಬೇಕು, ಬಗ್ಗಿಸಬೇಕು, ಕತ್ತಿ ಎತ್ತಿಸಬೇಕು. ಕಂಕುಳಲ್ಲಿ ಚೌಕದ ತುಂಡೊಂದನ್ನು ಕೂಡಿಸಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲಕ್ಕೆ ಎಳೆಯುವುದಿಲ್ಲ. ಬದಿಯ ಹೊಲಿಗೆಗಳಲ್ಲಿ 5 ಸೆಂ.ಮೀ. ಬಟ್ಟೆ ಒಳಗೆ ಬಿಟ್ಟಿದ್ದರೆ ಮುಂದಿನ ವರ್ಷದ ದಪ್ಪ ವಿದ್ಯಾರ್ಥಿಗೂ ಅದೇ ಉಡುಪು ಒದಗುತ್ತದೆ. ಕಚ್ಚೆ ಉಟ್ಟು ರೂಢಿಯಿಲ್ಲದವರಿಗೆ ನಿರಿಗೆಗಳನ್ನು ಹೊಲಿದು ಲಾಡಿ ಕೂಡಿಸಿಕೊಡುವುದೇ ಕ್ಷೇಮ. ಉಡುಪು ಪೂರ್ತಿ ತೊಟ್ಟ ತಾಲೀಮು ಎರಡಾದರೂ ನಡೆಯಬೇಕು. ಮೊದಲನೆಯದು ಪ್ರದರ್ಶನದ ಮುನ್ನಾದಿನವೇ ಆದರೆ ಬಿಚ್ಚಿ ಹೊಲಿಯಲು ದರ್ಜಿಗೆ ಪುರುಸೊತ್ತು ಸಿಗುವುದಿಲ್ಲ.