ವರಲಕ್ಷ್ಮಿ ಹತ್ತಿ ಬೀಜ ಮರುವರ್ಷ ಯಾಕ ಕೈಕೊಟ್ಟಿತು?

ನಮ್ಮ ಹಿರಿಯರು ಜಯಧರ ಹತ್ತಿಯ ಬೀಜ ಮನ್ಯಾಗ ಇಟ್ಟುಕೊಂಡು ಬಿತ್ತುತ್ತಿದ್ದರು. ತಾಯಿಯಂಗ ಮಗಳು ಬರ್ತಿತ್ತು.

1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ.ಎಚ್. ಕಾತರಕಿ ಅವರ ವರಲಕ್ಷ್ಮಿ ಬಂತು. ತಾಯಿ ಲಕ್ಷ್ಮಿ, ತಂದೆ ಉದ್ದ ಎಳೆಯ ಎಸ್‌ಬಿ 289-ಇ. ಜಾತಿ ಬೇರೆ ಬೇರೆ, ಆದರ ಎರಡರಾಗೂ 52 ಕ್ರೋಮೋಸೋಮು, ಅದಕ್ಕ ಕೂಡಿದವು. ಜಯಧರದಾಗ ಇರೋದು 26 ಮಾತ್ರ.

ಮೊದಲ ವರ್ಷ ಹೊಲವೆಲ್ಲ ಒಂದೇ ಸಮ. ಅದರ ಬೀಜ ತೆಗೆದು ಬಿತ್ತಿದರ ಒಂದು ಗಿಡ ಎತ್ತರ, ಒಂದು ಗಿಡ್ಡ, ಎಳೆಯೂ ಹೆಚ್ಚುಕಮ್ಮಿ.

ಕಾರಣ ಇಷ್ಟ: ಗುಣ ಹೊರೋ ಜೀನ್ ಅಂದರ ಡಿಎನ್‌ಎದ ಒಂದು ತುಂಡು. ಪ್ರತಿ ಗಿಡಕ್ಕ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಂಗ ಜೋಡಿ. ಮುಂದಿನ ಪೀಳಿಗೆಗೆ ಹೋಗುವಾಗ ಜೋಡಿ ಬಿಡಿಸಿಕೊಂಡು ಹೊಸದಾಗಿ ಕೂಡ್ತಾವ. 1866ರಲ್ಲೇ ಮೆಂಡೆಲ್ ಬಟಾಣಿ ಮೇಲೆ ಇದನ್ನ ಬರೆದಿದ್ದ: ಎತ್ತರ, ಗಿಡ್ಡ ಕೂಡಿಸಿದರ ಮೊದಲು ಎಲ್ಲಾ ಎತ್ತರ, ಮರುಪೀಳಿಗೆಯಾಗ ಸುಮಾರು ಮೂರು ಎತ್ತರಕ್ಕ ಒಂದು ಗಿಡ್ಡ. ಹತ್ತಿಯ ಇಳುವರಿಗೆ ಜೀನ್ ಬಹಳ, ಅದಕ್ಕ ಕಲಬೆರಕೆಯೂ ಬಹಳ.

ನಮ್ಮ ಅಳ್ನಾವರ ಕಡೆ ಇವತ್ತಿಗೂ ಲೆಕ್ಕ ಅದೇ. ಭತ್ತದ ತಳಿ ಬೀಜ ಆರಿಸಿ ಇಡ್ರಿ, ನಡೀತದ. ಹೈಬ್ರಿಡ್ ಗೋವಿನಜೋಳದ ಕಾಳು ಬಿತ್ತಿಗೆ ಇಡಬ್ಯಾಡ್ರಿ. ಅಂಗಡ್ಯಾಗ ರೊಕ್ಕ ಕೊಡೋಕಿಂತ ಮೊದಲು ಕೇಳ್ರಿ: ಇದು ತಳಿಯೋ, ಹೈಬ್ರಿಡ್ಡೋ?